ಟಿವ್ಯಾಗ ಬರೋ ಬಾಲ ವಿಜ್ಞಾನಿಗಳು: ಸಾಧನೆ ಕಾಣ್ತೈತಿ, ವಿಜ್ಞಾನ ಕಾಣಂಗಿಲ್ಲ

ನಮ್ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಸಾಲಿ ಹುಡುಗ್ರು ವಿಜ್ಞಾನದಾಗ ಏನರ ಮಾಡಿದ್ರು ಅಂತ ಟಿವ್ಯಾಗ ಸುದ್ದಿ ಬಂತಂದ್ರ ಅದರ ಚೌಕಟ್ಟು ಬಹುತೇಕ ಒಂದ ಇರ್ತೈತಿ. ಮೊದ್ಲ ತಗಡಿನ ಮನಿ ತೋರಿಸ್ತಾರ, ಅಪ್ಪ ಹೊಲದಾಗ ಕೆಲಸ ಮಾಡೋದು, ಅವ್ವ ರೊಟ್ಟಿ ಬಡಿಯೋದು, ಹಿಂದ ಕರುಳು ಹಿಂಡೋ ಮ್ಯೂಸಿಕ್, ಆಮ್ಯಾಲೆ ಹುಡುಗ ತನ್ನ ಮಾಡೆಲ್ ಮುಂದ ನಿಂತು ಎರಡು ಮಾತು ಆಡ್ತಾನ, ಹೆಡ್‌ಮಾಸ್ತರ್ರು ಒಂದು ಬೈಟ್ ಕೊಡ್ತಾರ, ಕೆಳಗ ದಪ್ಪ ಅಕ್ಷರದಾಗ 'ಬಡತನದಲ್ಲಿ ಅರಳಿದ ಪ್ರತಿಭೆ' ಅಂತ ಬರ್ತೈತಿ, ಒಂದೂವರೆ ನಿಮಿಷದಾಗ ಮುಗೀತು, ಮುಂದ ಯಾವುದೋ ರಾಜಕಾರಣದ ಜಗಳ ಶುರು. ನೋಡಿದವ್ರಿಗೆ ಎದಿ ತುಂಬಿ ಬರ್ತೈತಿ. ನನಗೂ ಬರ್ತೈತಿ, ನಮ್ ಕಡೆ ಹುಡುಗ ಅಲ್ಲೇನ್ರಿ. ಆದ್ರ ಟಿವಿ ಬಂದ್ ಮಾಡಿದ ಮ್ಯಾಲೆ ಆ ಹುಡುಗ ಮಾಡಿದ್ದೇನು, ಅದು ಹೆಂಗ ನಡೀತೈತಿ, ನಡೀತೈತಿ ಅಂತ ಅವ ಹೆಂಗ ಖಾತ್ರಿ ಮಾಡ್ಕೊಂಡ ಅಂತ ಮನ್ಯಾಗ ಯಾರನ್ನರ ಕೇಳಿ ನೋಡ್ರಿ, ಹೇಳಾಕ ಬರಂಗಿಲ್ಲ. ಅವ್ರ ತಪ್ಪಲ್ಲ ಅದು, ತೋರಿಸಿದ್ರ ತಾನ ಗೊತ್ತಾಗೋದು.

ಚಾನೆಲ್‌ನವ್ರು ಮಕ್ಕಳ ವಿಜ್ಞಾನ ತೋರಿಸೋದಿಲ್ಲ ಅಂತ ಭಾಳ ಮಂದಿ ದೂರ್ತಾರ. ನಾ ಅದನ್ನ ಒಪ್ಪಂಗಿಲ್ಲ. ತೋರಿಸ್ತಾರ, ಜಿಲ್ಲಾ ಮಟ್ಟದಾಗಂತೂ ಸಾಕಷ್ಟು ತೋರಿಸ್ತಾರ. ತೊಂದ್ರಿ ಇರೋದು ಕತ್ತರಿ ಎಲ್ಲಿ ಬೀಳ್ತೈತಿ ಅನ್ನೋದ್ರಾಗ. ಹುಡುಗ ಏನನ್ನ ಅಳದ, ಎಲ್ಲಿ ಸೋತ, ತನ್ನ ಸಾಧನ ಎಲ್ಲಿ ಕೆಲಸ ಮಾಡಂಗಿಲ್ಲ ಅಂತ ತಾನ ಹೇಳಿದ, ಅಷ್ಟನ್ನ ಆರಿಸಿ ಆರಿಸಿ ತಗದು ಒಗೀತಾರ. ಅದನ್ನ ತಗದ್ರ ಉಳಿಯೋದು ಒಂದು ಪವಾಡ ಅಷ್ಟ. ಪವಾಡದ ಕಥಿ ಆ ಹುಡುಗಗೂ ಒಳ್ಳೇದು ಮಾಡಂಗಿಲ್ಲ, ಅದನ್ನ ನೋಡೋ ರೈತಗೂ ಮಾಡಂಗಿಲ್ಲ, ಅದ ಸಾಲ್ಯಾಗ ಹಿಂದಿನ ಬೆಂಚಿನ್ಯಾಗ ಕುಂತ ಹುಡುಗಿಗೂ ಮಾಡಂಗಿಲ್ಲ.

ಒಂದು ಉದಾಹರಣೆ ಕೊಡ್ತೀನಿ, ಕಣ್ಣಾರೆ ನೋಡಿದ್ದು. ಜಮಖಂಡಿ ತಾಲೂಕಿನ ಒಂದು ಹೈಸ್ಕೂಲು, ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನ. 1928ರಾಗ ಅದ ದಿನ ಸಿ.ವಿ. ರಾಮನ್ ಅವ್ರು ಬೆಳಕಿನ ಮ್ಯಾಲಿನ ತಮ್ಮ ಶೋಧನ ಪಕ್ಕಾ ಮಾಡ್ಕೊಂಡಿದ್ರು, ಆ ನೆನಪಿಗೆ ನಮ್ ಕಡೆ ಎಲ್ಲಾ ಸಾಲ್ಯಾಗೂ ಅವತ್ತ ಮಾಡೆಲ್ ಇಡ್ತಾರ, ಟಿವಿಯವ್ರೂ ಅವತ್ತ ಬರ್ತಾರ. ಅಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಹೈಡ್ರಾಲಿಕ್ ರ್‍ಯಾಮ್ ಪಂಪ್ ಮಾಡಿದ್ದ. ಕಟ್ಟಿ ಮ್ಯಾಲೆ ಒಂದು ನೀಲಿ ಡ್ರಮ್, ಅದರಿಂದ ಸುಮಾರು ಒಂದು ಮೀಟರ್ ಕೆಳಗ ಇಳಿಯೋ ಪಿವಿಸಿ ಪೈಪು, ತುದಿಗೆ ಎರಡು ವಾಲ್ವು, ಗಾಳಿ ಹಿಡಿಯಾಕ ತಲಿ ಕೆಳಗ ಮಾಡಿ ಕೂಡಿಸಿದ ಕೂಲ್‌ಡ್ರಿಂಕ್ಸ್ ಬಾಟ್ಲಿ, ಅಲ್ಲಿಂದ ಒಂದು ಸಣ್ಣ ಪೈಪು ಸಾಲಿ ಮಾಳಗಿ ಮ್ಯಾಲೆ. ವಾಲ್ವ್ ಟಕ್ ಟಕ್ ಅಂತ ಬಡೀತಿತ್ತು, ಒಂದೊಂದು ಪೆಟ್ಟಿಗೆ ಸ್ವಲ್ಪ ಸ್ವಲ್ಪ ನೀರು ಮಾಳಗಿ ಮ್ಯಾಲಿನ ಬಕೀಟಿಗೆ ಬೀಳ್ತಿತ್ತು. ಹುಡುಗ ಭಾಳ ಚಂದ ವಿವರಿಸಿದ: ಸರ್, ನೀರು ಜೋರಿಲೆ ಇಳಿದು ಬರೋವಾಗ ವಾಲ್ವ್ ಒಮ್ಮೆಲೇ ಮುಚ್ಚಿತಂದ್ರ ಒಳಗ ಒತ್ತಡ ಬೀಳ್ತೈತಿ, ಆ ಒತ್ತಡಕ್ಕ ಸ್ವಲ್ಪ ನೀರು ಮ್ಯಾಲೆ ಏರ್ತೈತಿ, ನೂರು ಲೀಟರ್ ಬಿಟ್ರ ಒಂಬತ್ತು ಹತ್ತು ಲೀಟರ್ ಅಷ್ಟ ಏರೋದು, ಉಳಿದದ್ದು ಹೊರಗ ಹೋಗ್ತೈತಿ. ನೋಟ್‌ಬುಕ್ಕಿನ್ಯಾಗ ಎಲ್ಲಾ ಬರ್ಕೊಂಡಿದ್ದ, ಬಕೀಟಿಗೆ ಬಿದ್ದದ್ದನ್ನ ಒಂದು ಲೀಟರಿನ ಮಗ್ಗಿಲೆ ಅಳದಿದ್ದ, ವಾಲ್ವಿನ ಮ್ಯಾಲೆ ತೂಕ ಬದಲಿಸಿ ಬದಲಿಸಿ ನೋಡಿದ್ದ.

ವರದಿಗಾರ್ರು ಮೈಕ್ ಹಿಡಿದು ಕೇಳ್ಕೋತಾ ನಿಂತಿದ್ರು, ಪಾಪ ಅವ್ರಿಗೂ ಇನ್ನೊಂದು ಕಡೆ ಹೋಗೋದಿತ್ತು. "ಏ ತಮ್ಮಾ, ಅಷ್ಟುದ್ದ ಬ್ಯಾಡ. ಕರೆಂಟೂ ಬ್ಯಾಡ, ಡೀಸೆಲ್ಲೂ ಬ್ಯಾಡ, ಪುಕ್ಕಟೆ ನೀರು ಏರ್ತೈತಿ ಅಂತ ಒಂದ್ ಸಲ ಹೇಳಿಬಿಡು." ಹುಡುಗ ಮಾಸ್ತರ ಮುಖ ನೋಡಿದ. ಮಾಸ್ತರ್ರು ಹೂಂ ಅಂದ್ರು. ಹುಡುಗ ಹೇಳಿದ. ಸಂಜಿಗೆ ಟಿವ್ಯಾಗ ಬಂದದ್ದು ಅದೊಂದ ಮಾತು.

ಮರುದಿನದಿಂದ ಸಾಲಿಗೆ ರೈತರ ಫೋನು. ನಮ್ ಬೋರಿಗೆ ಕೂಡಿಸ್ತೀರೇನ್ರಿ, ಎಷ್ಟ ರೊಕ್ಕ ಬೀಳ್ತೈತಿ, ಏಳು ತಾಸು ಕರೆಂಟ್ ಕೊಡ್ತೀವಂತ ಹೇಳಿ ನಾಲ್ಕು ತಾಸು ಕೊಡ್ತಾರ ಸರ್, ಇದ ಒಂದು ದಾರಿ ಆದ್ರ ಬದುಕ್ತೀವಿ ಅಂತ. ಈ ಫೋನು ಮಾಡೋರು ದಡ್ಡರಲ್ಲ, ಟಿವಿ ಹೇಳಿದ್ದನ್ನ ನಂಬಿದವ್ರು. ರ್‍ಯಾಮ್ ಪಂಪ್ ಹೊಸಾದೇನಲ್ಲ, ಫ್ರಾನ್ಸಿನ ಮಾಂಟ್‌ಗೋಲ್ಫಿಯೆ ಅನ್ನೋರು 1796ರಾಗ ತಾನ ತಾನ ನಡಿಯೋದನ್ನ ಮಾಡಿದ್ರು, ಹಳ್ಳ ಝರಿ ಇರೋ ಗುಡ್ಡಗಾಡಿನ್ಯಾಗ ಇವತ್ತಿಗೂ ನಡೀತಾವ. ಆದ್ರ ಅದಕ್ಕ ಮ್ಯಾಲಿಂದ ಕೆಳಗ ಬೀಳೋ ನೀರು ಬೇಕ ಬೇಕು. ಲೆಕ್ಕ ಸರಳ ಐತಿ: 100 ಲೀಟರ್ ನೀರು ಒಂದು ಮೀಟರ್ ಇಳಿದ್ರ ಸಿಗೋ ಶಕ್ತಿಯಿಂದ 4 ಮೀಟರ್ ಎತ್ತರಕ್ಕ ಏರ್ಸಬಹುದಾದದ್ದು ಹೆಚ್ಚಂದ್ರ 25 ಲೀಟರ್, ಅದೂ ಎಲ್ಲೂ ಏನೂ ನಷ್ಟ ಆಗದಿದ್ರ, ಹುಡುಗನ ಪೈಪಿನ್ಯಾಗ ನಷ್ಟ ಆಗಿ ಒಂಬತ್ತು ಹತ್ತು ಸಿಕ್ಕಿತ್ತು, ಮನ್ಯಾಗ ಕುಂತು ಮಾಡಿದ ಮಾಡೆಲ್ಲಿಗೆ ಅದು ಒಳ್ಳೆ ರಿಸಲ್ಟ್. ನಮ್ ಎರಿ ನೆಲದಾಗ ನೂರಾರು ಅಡಿ ಆಳದ ಬೋರಿನ್ಯಾಗ ಬೀಳೋ ನೀರು ಎಲ್ಲಿಂದ ಬರಬೇಕು? ಇದು ಹುಡುಗಗ ಗೊತ್ತಿತ್ತು. ಅವ ಹೇಳಿದ್ದ ಸುದ್ದಾ. ಒಂದು ಮಾತು ಉಳಿಸಿಕೊಂಡಿದ್ರ, ಹತ್ತರಾಗ ಒಂದು ಪಾಲು ಅಷ್ಟ ಏರ್ತೈತಿ ಅನ್ನೋ ಒಂದ ಮಾತು, ಆ ಸುದ್ದಿ ಖರೇನ ವಿಜ್ಞಾನದ ಸುದ್ದಿ ಆಗ್ತಿತ್ತು. ಅದರ ಬದಲಿಗೆ ಗೊತ್ತಿದ್ದ ಹುಡುಗನ ಬಾಯಿಂದ ಗೊತ್ತಿಲ್ಲದವ್ರು ಹೇಳೋ ಮಾತು ಹೇಳಿಸಿದ್ರು. ನನಗ ಭಾಳ ಸಿಟ್ಟು ಬರೋದು ಇಲ್ಲೇ. ಹದಿನಾಲ್ಕು ವರ್ಷದ ಹುಡುಗ, ಕ್ಯಾಮರಾ ಮುಂದ ದೊಡ್ಡೋರು ಹೇಳು ಅಂದದ್ದನ್ನ ಬ್ಯಾಡ ಅನ್ನಾಕ ಅವನಿಗೆ ಧೈರ್ಯ ಎಲ್ಲಿಂದ ಬರಬೇಕು.

ಅದ ಹಾಲಿನ ಮೂಲ್ಯಾಗ ಎಂಟನೇ ಕ್ಲಾಸಿನ ಇಬ್ಬರು ಹುಡುಗ್ಯಾರು ಕುಂತಿದ್ರು, ಅವ್ರ ಮುಂದ ಜಾಮಿನ ಖಾಲಿ ಬಾಟ್ಲಿಗಳಾಗ ಮಣ್ಣು, ಕರೆಂಟ್ ಎಷ್ಟು ಹರೀತೈತಿ ಅನ್ನೋದ್ರ ಮ್ಯಾಲೆ ಉಪ್ಪಿನ ಅಂಶ ತೋರಿಸೋ ಒಂದು ಪೆನ್ನಿನಂಥ ಇಸಿ ಮೀಟರು, ಚಾರ್ಟ್ ಪೇಪರಿನ ಮ್ಯಾಲೆ ಕೈಲೆ ಬರೆದ ಗ್ರಾಫ್. ಅವ್ರ ವಿಷಯ ಸವಳು-ಜವಳು. ಕೃಷ್ಣಾ, ಘಟಪ್ರಭಾ ದಂಡಿ ಮ್ಯಾಲೆ ಕಬ್ಬಿಗೆ ನೀರು ಬಿಟ್ಟು ಬಿಟ್ಟು ಜಮಖಂಡಿ, ಮುಧೋಳ, ಅಥಣಿ ಕಡೆ ಎಷ್ಟು ನೆಲ ಬೆಳ್ಳಗ ಉಪ್ಪು ಹೂತು ಕೆಟ್ಟೈತಿ ಅಂತ ನಮ್ ಮಂದಿಗೆ ಹೇಳೋದ ಬ್ಯಾಡ, ಮನಿ ಮನಿ ಕಥಿ ಅದು. ಈ ಹುಡುಗ್ಯಾರು ಹೊಳಿ ದಂಡಿಯಿಂದ ಊರ ಕಡೆ ಸಾಲಾಗಿ ಹೊಲಗಳನ್ನ ಆರಿಸಿ, ಇಂಗ್ಲಿಷಿನ ವಿ ಆಕಾರದಾಗ ಗೇಣು ಆಳ ತಗ್ಗು ತೋಡಿ, ನಾಲ್ಕು ಮೂಲಿ ಮಣ್ಣು ಕೂಡಿಸಿ, ನಾಲ್ಕು ಪಾಲು ಮಾಡಿ ಎರಡು ಪಾಲು ಚೆಲ್ಲಿ, ಮತ್ತ ಕೂಡಿಸಿ, ಕೃಷಿ ಇಲಾಖೆಯವ್ರು ಮಣ್ಣು ಪರೀಕ್ಷೆಗೆ ಹೆಂಗ ಹೇಳ್ತಾರೋ ಹಂಗ ಸ್ಯಾಂಪಲ್ ತಗದಿದ್ರು. ಲ್ಯಾಬಿನ್ಯಾಗ ಮಣ್ಣಿನ ಸಾರದ ಇಸಿ 4 ಡೆಸಿಸೀಮೆನ್ಸ್/ಮೀಟರ್ ದಾಟಿದ್ರ ಅದು ಸವಳು ನೆಲ ಅಂತಾರ. ನಿಮ್ದು ಎಷ್ಟು ಬಂದೈತಿ ಅವ್ವಿ ಅಂತ ಕೇಳಿದ್ರ ಆ ಹುಡುಗಿ ಹೇಳಿದ್ದು: "ನಮ್ಮ ನಂಬರನ್ನ ಲ್ಯಾಬಿನ ನಂಬರ್ ಜೋಡಿ ನೇರ ಹೋಲಿಸಬಾರದ್ರಿ ಸರ್, ನಾವು ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಹಾಕೇವಿ, ಅದಕ್ಕ ಕಡಿಮಿ ಬರ್ತೈತಿ. ಹೊಲ ಹೊಲಕ್ಕ ಹೆಚ್ಚು ಕಡಿಮಿ ಅಷ್ಟ ನೋಡಬೇಕು."

ಇಂಥ ಮಾತು ನಾ ದೊಡ್ಡ ದೊಡ್ಡ ಕಾಲೇಜಿನ ಸೆಮಿನಾರಿನ್ಯಾಗ ಕೇಳೋದು ಕಡಿಮಿ. ತನ್ನ ಅಳತಿ ಎಲ್ಲಿ ತನಕ ನಂಬಬಹುದು, ಎಲ್ಲಿಂದ ನಂಬಬಾರದು ಅಂತ ಎಂಟನೇ ಕ್ಲಾಸಿನ್ಯಾಗ ಗೊತ್ತಿರೋ ಹುಡುಗಿ. ಕ್ಯಾಮರಾದವ್ರು ಬಂದ್ರು, ಬಾಟ್ಲಿ ನೋಡಿದ್ರು, "ಇದರಾಗ ವಿಜುವಲ್ ಏನೂ ಇಲ್ಲಲ್ರಿ" ಅಂದ್ರು, ಮುಂದ ಹೋದ್ರು.

ವಿಜುವಲ್ ಅನ್ನೋದು ಅವ್ರಿಗೆ ಅಷ್ಟು ಮುಖ್ಯ ಯಾಕ ಆಗ್ತೈತಿ ಅಂತ ತಿಳ್ಕೋಬೇಕಾದ್ರ ಜಿಲ್ಲಾ ಮಟ್ಟದಾಗ ಟಿವಿ ಸುದ್ದಿ ಹೆಂಗ ತಯಾರಾಗ್ತೈತಿ ಅಂತ ನೋಡಬೇಕು. ನಮ್ ಕಡೆ ವರದಿಗಾರ್ರು ಅಂದ್ರ ಎಷ್ಟೋ ಚಾನೆಲ್ಲಿಗೆ ಜಿಲ್ಲಾಕ್ಕ ಒಬ್ಬರು, ತಾಲೂಕಿನ್ಯಾಗ ಸುದ್ದಿಗೆ ಇಷ್ಟಂತ ರೊಕ್ಕ ತಗೊಳ್ಳೋ ಸ್ಟ್ರಿಂಗರ್‌ಗಳು. ಅದ ಮನಿಷಾ ಮುಂಜಾನೆ ಡಿಸಿ ಆಫೀಸಿನ ಮೀಟಿಂಗು, ಮಧ್ಯಾಹ್ನ ಆಕ್ಸಿಡೆಂಟು, ಸಂಜಿಗೆ ಆಲಮಟ್ಟಿ ಡ್ಯಾಮಿನ ಒಳಹರಿವು, ನಡುವ ಯಾವುದೋ ಜಾತ್ರಿ, ಅದರ ಮಧ್ಯ ನಮ್ ಹುಡುಗನ ಮಾಡೆಲ್ಲು. ಮಾಸ್ತರ್ರು ವಾಟ್ಸಾಪಿನ್ಯಾಗ ಫೋಟೋ ಹಾಕಿ ಬರ್ರಿ ಸರ್ ಅಂತ ಕರೀತಾರ, ಅವ್ರು ಬಂದು ಮೂರ್ನಾಲ್ಕು ಶಾಟ್, ಎರಡು ಬೈಟ್ ತಗೊಂಡು ನಾಲ್ಕು ಸಾಲು ಬರೆದು ಕಳಸ್ತಾರ. ಬೆಂಗಳೂರಿನ ಡೆಸ್ಕಿನ್ಯಾಗ ಕುಂತವ್ರು ಹುಡುಗನ್ನ ನೋಡಿಲ್ಲ, ಪಂಪು ನೋಡಿಲ್ಲ, ಅವ್ರ ಮುಂದ ನಾಲ್ಕು ಸಾಲು ಅಷ್ಟ. ಅದನ್ನ ಪ್ಯಾಕೇಜ್ ಮಾಡೋವಾಗ ತೂಕ ಬರಲಿ ಅಂತ 'ದೇಶದಲ್ಲೇ ಮೊದಲು' ಸೇರತೈತಿ, 'ವಿಜ್ಞಾನಿಗಳೇ ದಂಗು' ಸೇರತೈತಿ. ತಾಲೂಕಿನಿಂದ ಹೋಗೋವಾಗ ಬರೀ ಮಾಡೆಲ್ ಆಗಿದ್ದದ್ದು ಬೆಂಗಳೂರು ದಾಟಿ ಬರೋದ್ರಾಗ ಕ್ರಾಂತಿ ಆಗಿರ್ತೈತಿ. ಸುಳ್ಳು ಹೇಳಬೇಕಂತ ಯಾರೂ ಕುಂತಿರಂಗಿಲ್ಲ, ಕೈಯಿಂದ ಕೈಗೆ ಹೋಗೋವಾಗ ಒಬ್ಬೊಬ್ಬರು ಒಂದೊಂದು ಚೂರು ಏರಸ್ತಾರ. ಮ್ಯಾಲಾಗಿ ರೇಟಿಂಗಿನ ಒತ್ತಡ. ಯಾವ ಚಾನೆಲ್ ಎಷ್ಟು ಮಂದಿ ನೋಡ್ತಾರ ಅಂತ ಲೆಕ್ಕ ಹಾಕೋ ಬಾರ್ಕ್ ಸಂಸ್ಥೆಯ ಅಂಕಿ ನೋಡಿ ಜಾಹೀರಾತು ಬರೋ ಧಂದೆ ಇದು, ಚಾನೆಲ್ ಬದಲಿಸಾಕ ರಿಮೋಟ್ ಕೈಯಾಗ ಹಿಡ್ಕೊಂಡು ಕುಂತವ್ರನ್ನ ಗ್ರಾಫ್ ತೋರಿಸಿ ಹಿಡಿಯಾಕ ಆಗಂಗಿಲ್ಲ ಅಂತ ಅವ್ರ ನಂಬಿಕಿ. ಅದು ಖರೇ ಅಂತ ನನಗ ಅನ್ಸಂಗಿಲ್ಲ.

ಯಾಕಂದ್ರ ಟಿವ್ಯಾಗ ಇದು ಆಗಂಗಿಲ್ಲ ಅನ್ನಾಕ ಬರಂಗಿಲ್ಲ. ಹಿಂದ ದೂರದರ್ಶನದಾಗ ಟರ್ನಿಂಗ್ ಪಾಯಿಂಟ್ ಅಂತ ವಿಜ್ಞಾನದ ಕಾರ್ಯಕ್ರಮ ಬರ್ತಿತ್ತು, ನಮ್ ಗಿರೀಶ ಕಾರ್ನಾಡರು ಅದನ್ನ ನಡೆಸಿಕೊಡ್ತಿದ್ರು, ಪ್ರೊಫೆಸರ್ ಯಶ್‌ಪಾಲ್ ಅವ್ರು ನೋಡುಗರು ಕಳಿಸಿದ ಪ್ರಶ್ನೆಗಳಿಗೆ ಉತ್ತರ ಹೇಳ್ತಿದ್ರು. ಅಲ್ಲಿ ಮೆರಿತಿದ್ದದ್ದು ಪ್ರಶ್ನಿ. ಉತ್ತರಾನೂ ಹಿಂಗ ಇರಬಹುದು, ಹಂಗ ಇರಬಹುದು ಅಂತ ಯೋಚನಿ ಮಾಡ್ಕೋತ ಹೇಳೋ ಉತ್ತರ. ಮಂದಿ ಕುಂತು ನೋಡ್ತಿದ್ರು.

ಈಗ ನಾಸಾ ವಿಷಯಕ್ಕ ಬರೋಣು, ಯಾಕಂದ್ರ ಕನ್ನಡ ಚಾನೆಲ್‌ಗಳಾಗ ಮಕ್ಕಳ ವಿಜ್ಞಾನ ಅಂದ್ರ ಅರ್ಧ ಸುದ್ದಿ ನಾಸಾದ ಹೆಸರಿನ್ಯಾಗ ಬರ್ತಾವ. 'ಕ್ಷುದ್ರಗ್ರಹ ಕಂಡುಹಿಡಿದ ಬಾಲಕಿ, ನಾಸಾ ಸರ್ಟಿಫಿಕೇಟ್' ಅಂತ ಬರೋ ಸುದ್ದಿ ತಗೋರಿ. ಇದರ ಹಿಂದ ಇರೋದು ಐಎಎಸ್‌ಸಿ ಅನ್ನೋ ಅಂತರರಾಷ್ಟ್ರೀಯ ಕಾರ್ಯಕ್ರಮ. ಹವಾಯಿ ದ್ವೀಪದ ಪ್ಯಾನ್-ಸ್ಟಾರ್ಸ್ ದೂರದರ್ಶಕದಾಗ ತಗದ ಆಕಾಶದ ಫೋಟೋಗಳನ್ನ ಜಗತ್ತಿನ ಎಲ್ಲಾ ಕಡೆ ಶಾಲೆಗಳಿಗೆ ಕಳಸ್ತಾರ, ಮಕ್ಕಳು ಕಂಪ್ಯೂಟರಿನ್ಯಾಗ ಒಂದು ಸಾಫ್ಟ್‌ವೇರ್ ಹಾಕ್ಕೊಂಡು ಒಂದಾದ ಮ್ಯಾಲೆ ಒಂದು ಫೋಟೋ ಓಡಿಸಿ, ನಕ್ಷತ್ರಗಳು ನಿಂತಲ್ಲೇ ನಿಂತಿರೋವಾಗ ಜಾಗಾ ಬಿಟ್ಟು ಸರಿಯೋ ಚುಕ್ಕಿ ಯಾವುದು ಅಂತ ಗುರುತು ಮಾಡಿ ವರದಿ ಕಳಸ್ತಾರ. ಅದು ಪ್ರಾಥಮಿಕ ಪತ್ತೆ ಅಷ್ಟ. ಅದರ ಕಕ್ಷೆ ಪಕ್ಕಾ ಆಗಿ, ನಂಬರ್ ಸಿಗಾಕ ವರ್ಷಗಟ್ಟಲೆ ಬೇಕು, ಎಷ್ಟೋ ಚುಕ್ಕಿಗಳು ಆ ಹಂತಕ್ಕ ಹೋಗೋದ ಇಲ್ಲ. ಆದ್ರೂ ಇದು ಖರೇ ಕೆಲಸ, ನಿಜವಾದ ಡೇಟಾ, ತಾಸುಗಟ್ಟಲೆ ಕಣ್ಣು ನೆಟ್ಟು ಕುಂತು ಮಾಡೋ ಕೆಲಸ. ವಿಜಯಪುರದ ಒಂದು ಹುಡುಗಿ ಮನ್ಯಾಗ ಕುಂತು ಹವಾಯಿ ದೂರದರ್ಶಕದ ಫೋಟೋ ಜಾಲಾಡಬಹುದು ಅನ್ನೋದ ಎಂಥ ಸುದ್ದಿ! ಅದನ್ನ ಬಿಟ್ಟು ನಾಸಾ ಮೆಚ್ಚಿತು ಅಂತ ಹೇಳಿದ್ರ, ಆ ಹುಡುಗಿ ಮಾಡಿದ ಕೆಲಸಾನೂ ಹೋತು, ಇನ್ನೊಬ್ಬ ಹುಡುಗಿ ತಾನೂ ಸೇರ್ಕೋಬಹುದು ಅನ್ನೋ ದಾರೀನೂ ಮುಚ್ಚಿತು.

ಇನ್ನೊಂದು, 'ಗ್ರಹಕ್ಕೆ ವಿದ್ಯಾರ್ಥಿ ಹೆಸರಿಟ್ಟ ನಾಸಾ'. ಅಮೆರಿಕಾದಾಗ ಪ್ರತಿ ವರ್ಷ ಐಸೆಫ್ ಅಂತ ಹೈಸ್ಕೂಲ್ ಮಕ್ಕಳ ದೊಡ್ಡ ವಿಜ್ಞಾನ ಸ್ಪರ್ಧೆ ನಡೀತೈತಿ, 1950ರಿಂದ ಐತಿ. ಅದರಾಗ ಮೊದಲನೇ, ಎರಡನೇ ಬಹುಮಾನ ಬಂದವ್ರ ಹೆಸರನ್ನ ಅಲ್ಲಿಯ ಎಂಐಟಿ ಅನ್ನೋ ವಿಶ್ವವಿದ್ಯಾಲಯದ ಲಿಂಕನ್ ಲ್ಯಾಬೊರೇಟರಿಯವ್ರು ತಾವು ಕಂಡುಹಿಡಿದ ಸಣ್ಣ ಕ್ಷುದ್ರಗ್ರಹಗಳಿಗೆ ಇಡೋ ಪದ್ಧತಿ ಮಾಡಿದ್ರು, ಹೆಸರಿಗೆ ಒಪ್ಪಿಗಿ ಕೊಡೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ನಾಸಾ ಅಲ್ಲ, ಭೂಮಿ ಮಂಗಳದಂಥ ಗ್ರಹಾನೂ ಅಲ್ಲ. ಕರ್ನಾಟಕದ ಮಕ್ಕಳು ಈ ಬಹುಮಾನ ಗೆದ್ದಾರ, ಅದು ಭಾಳ ದೊಡ್ಡ ಮಾತು, ಜಗತ್ತಿನ ಸಾವಿರಾರು ಮಕ್ಕಳ ಜೋಡಿ ಕುಂತು, ತೀರ್ಪುಗಾರ್ರು ಒಬ್ಬೊಬ್ಬರಾಗಿ ಬಂದು ಕೇಳಿದ ಪ್ರಶ್ನಿಗೆ ಉತ್ತರ ಹೇಳಿ ಗೆದ್ದದ್ದು. ಆದ್ರ ಯಾವ ಪ್ರಾಜೆಕ್ಟಿಗೆ ಗೆದ್ರು? ಸುದ್ದಿ ನೋಡಿದವ್ರಿಗೆ ಗ್ರಹ ನೆನಪೈತಿ, ಪ್ರಾಜೆಕ್ಟ್ ನೆನಪಿಲ್ಲ.

ನಾಸಾ ಹೆಸರಿನ ಈ ಮರುಳಿಗೆ ಹಿಂದೊಮ್ಮೆ ಇಡೀ ದೇಶ ಬಿದ್ದಿತ್ತು. 2005ರಾಗ ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಒಬ್ಬ ಹುಡುಗ ನಾಸಾ ನಡೆಸಿದ ಪರೀಕ್ಷೆಯಾಗ ಫಸ್ಟ್ ಬಂದಾನ ಅಂತ ಎಲ್ಲಾ ಕಡೆ ಸುದ್ದಿ ಆತು, ಸನ್ಮಾನ ಆದವು, ಆಮ್ಯಾಲೆ ಅಂಥ ಪರೀಕ್ಷೆ ನಾವು ನಡೆಸೋದ ಇಲ್ಲ ಅಂತ ನಾಸಾನ ಹೇಳ್ತು. ಮೊದಲ ಒಂದು ಇಮೇಲ್ ಹಾಕಿ ನಾಸಾನ ಕೇಳಿದ್ರ ಮುಗಿಯೋ ಕೆಲಸ ಆಗಿತ್ತು ಅದು. ನಮ್ ರಾಜ್ಯದಾಗ ಡ್ರೋನ್ ಪ್ರತಾಪ್ ವಿಷಯ ನಿಮಗೆಲ್ಲಾ ಗೊತ್ತ ಐತಿ. ಇ-ತ್ಯಾಜ್ಯದಿಂದ 600 ಡ್ರೋನ್ ಮಾಡ್ಯಾರ, ದೇಶ ವಿದೇಶದಾಗ ಬಹುಮಾನ ಗೆದ್ದಾರ ಅಂತ ವರ್ಷಗಟ್ಟಲೆ ಹೊಗಳಿದ್ರು, 2020ರ ಜುಲೈದಾಗ ಫ್ಯಾಕ್ಟ್‌ಚೆಕ್ ಮಾಡೋರು ಕೂತು ಒಂದೊಂದ ನೋಡಿದಾಗ ಆ ಮಾತುಗಳಿಗೆ ಪುರಾವೆ ಸಿಗಲಿಲ್ಲ, ಆಗ ಅದ ಟಿವಿಗಳು ಅದ ಹುಡುಗನ್ನ ವಾರಗಟ್ಟಲೆ ಹರಿದು ಹಂಚಿದವು. ನಾನಿಲ್ಲಿ ಆ ಹುಡುಗನ ಬಗ್ಗೆ ಮಾತಾಡ್ತಿಲ್ಲ. ಹೊಗಳೋವಾಗ ಯಾಕ ಒಬ್ಬರೂ ಡ್ರೋನ್ ಒಂದನ್ನ ಎದುರಿಗೆ ಇಟ್ಟು, ಇದನ್ನ ಹಾರಿಸಪಾ, ಇದರ ಕಂಟ್ರೋಲರ್ ಯಾವುದು, ಎಷ್ಟು ಹೊತ್ತು ಹಾರ್ತೈತಿ ಅಂತ ಕೇಳಲಿಲ್ಲ? ಕೇಳಿದ್ರ ಅವತ್ತ ಗೊತ್ತಾಗ್ತಿತ್ತು, ಎಲ್ಲರಿಗೂ ಒಳ್ಳೇದಾಗ್ತಿತ್ತು, ಅವನಿಗೆ ಸುದ್ದಾ. ಅದಾದ ಮ್ಯಾಲೆ ಖರೇನ ಡ್ರೋನ್ ಮಾಡಿದ ಹುಡುಗ್ರೂ ಊರಾಗ ಚ್ಯಾಷ್ಟಿ ಮಾಡಿಸ್ಕೊಂಡ್ರು, 'ಏ ಡ್ರೋನ್ ಪ್ರತಾಪ ಬಂದ ನೋಡು' ಅಂತ. ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜಿನ ಹುಡುಗ್ರು ಇದನ್ನ ನನ್ನ ಮುಂದ ಹೇಳ್ಕೊಂಡು ಬ್ಯಾಸರ ಪಟ್ಟಾರ.

ಉಪಗ್ರಹದ ಸುದ್ದಿಗಳದೂ ಇದ ಕಥಿ. 2017ರ ಜೂನ್ 22ಕ್ಕ ತಮಿಳುನಾಡಿನ ವಿದ್ಯಾರ್ಥಿಗಳು ಮಾಡಿದ 64 ಗ್ರಾಮಿನ ಕಲಾಂಸ್ಯಾಟ್ ಅಮೆರಿಕಾದ ವಾಲಪ್ಸ್‌ನಿಂದ ಹಾರಿತು, ಜಗತ್ತಿನ ಅತೀ ಸಣ್ಣ ಉಪಗ್ರಹ ಅಂತ ಎಲ್ಲಾ ಚಾನೆಲ್ಲೂ ಹಾಡಿ ಹೊಗಳಿದವು. ಆದ್ರ ಅದು ಹೋಗಿದ್ದು ಸೌಂಡಿಂಗ್ ರಾಕೆಟ್ಟಿನ್ಯಾಗ, ಅಂದ್ರ ಮ್ಯಾಲೆ ಹೋಗಿ ಸ್ವಲ್ಪ ಹೊತ್ತಿನ್ಯಾಗ ಸಮುದ್ರಕ್ಕ ಬೀಳೋ ರಾಕೆಟ್ಟು, ಭೂಮಿ ಸುತ್ತ ತಿರುಗೇ ಇಲ್ಲ. ಕಕ್ಷೆಗೆ ಹೋದದ್ದು ಅವ್ರ ಮುಂದಿನ ಆವೃತ್ತಿ, 2019ರ ಜನವರಿಯಾಗ ಇಸ್ರೋದ ಪಿಎಸ್‌ಎಲ್‌ವಿ ಸಿ-44ರ ಮ್ಯಾಲೆ. ಎರಡೂ ಒಳ್ಳೆ ಕೆಲಸ, ಆದ್ರ ಎರಡೂ ಬ್ಯಾರೆ ಬ್ಯಾರೆ, ಆ ವ್ಯತ್ಯಾಸ ಹೇಳಾಕ ಹತ್ತು ಸೆಕೆಂಡ್ ಸಾಕಿತ್ತು. ಇನ್ನೂ ಮನಸ್ಸಿಗೆ ಹತ್ತಿದ್ದು ಆಜಾದಿಸ್ಯಾಟ್. ದೇಶದ 75 ಸರ್ಕಾರಿ ಶಾಲೆಗಳ 750 ಹುಡುಗ್ಯಾರು ಸೇರಿ ಮಾಡಿದ ಉಪಗ್ರಹ, 2022ರ ಆಗಸ್ಟ್ 7ಕ್ಕ ಇಸ್ರೋದ ಹೊಸ ಎಸ್‌ಎಸ್‌ಎಲ್‌ವಿ ರಾಕೆಟ್ಟು ಮೊದಲ ಸಲ ಹಾರಿದಾಗ ಅದರಾಗ ಇತ್ತು. ಮುಂಜಾನೆ ಎಲ್ಲಾ ಟಿವ್ಯಾಗೂ ಸಂಭ್ರಮ. ರಾಕೆಟ್ಟು 356 ಕಿಲೋಮೀಟರಿನ ದುಂಡನೆ ಕಕ್ಷೆಗೆ ಬಿಡಬೇಕಾಗಿತ್ತು, ಆದ್ರ ಒಂದು ಕಡೆ 356, ಇನ್ನೊಂದು ಕಡೆ ಬರೀ 76 ಕಿಲೋಮೀಟರ್ ಇರೋ ಕಕ್ಷೆಗೆ ಬಿಟ್ಟಿತು. 76 ಕಿಲೋಮೀಟರಿನ್ಯಾಗ ಇನ್ನೂ ಗಾಳಿ ಐತಿ, ಆ ಗಾಳಿ ತಿಕ್ಕಿ ವೇಗ ಕಡಿಮಿ ಆಗಿ ಉಪಗ್ರಹ ಬಿದ್ದು ಹೋಗ್ತೈತಿ. ಇದಕ್ಕಿಂತ ಒಳ್ಳೆ ಪಾಠ ಸಿಗ್ತೈತೇನ್ರಿ? ಕಕ್ಷೆ ಅಂದ್ರೇನು, ಗಾಳಿ ಎಲ್ಲಿ ತನಕ ಐತಿ, ಒಂದು ಸೆನ್ಸರ್ ಗೊಂದಲ ಆದ್ರ ಏನಾಗ್ತೈತಿ, ಎಲ್ಲಾನೂ ಅವತ್ತ ಹೇಳಬಹುದಿತ್ತು. 'ಕನಸು ನುಚ್ಚುನೂರು' ಅಂತ ಹೇಳಿ ಮುಗಿಸಿದ್ರು. ಆ ಹುಡುಗ್ಯಾರು ಬಿಡಲಿಲ್ಲ, 2023ರ ಫೆಬ್ರುವರಿ 10ಕ್ಕ ಆಜಾದಿಸ್ಯಾಟ್-2 ಕಕ್ಷೆ ಸೇರಿತು, ಆ ಸುದ್ದಿ ನಮ್ ಮನಿಗಳಿಗೆ ಬಂದು ಮುಟ್ಟಿದ್ದು ಭಾಳ ಕಡಿಮಿ. ಬಿದ್ದದ್ದನ್ನ ನೋಡಿದ ಮಕ್ಕಳಿಗೆ ಎದ್ದದ್ದನ್ನೂ ತೋರಿಸಬೇಕಲ್ಲ.

ಪೇಟೆಂಟ್ ವಿಷಯ ಬೇಗ ಹೇಳಿ ಮುಗಸ್ತೀನಿ. 'ಪೇಟೆಂಟ್ ಪಡೆದ ವಿದ್ಯಾರ್ಥಿ' ಅಂತ ಸುದ್ದಿ ಬಂದ್ರ ಎಷ್ಟೋ ಸಲ ಅದು ಅರ್ಜಿ ಹಾಕಿದ್ದು ಅಷ್ಟ ಆಗಿರ್ತೈತಿ. ವ್ಯಕ್ತಿಯೊಬ್ಬರು ಆನ್‌ಲೈನಿನ್ಯಾಗ ಅರ್ಜಿ ಹಾಕಾಕ ಫೀ 1,600 ರೂಪಾಯಿ, ಅರ್ಜಿ ನಂಬರ್ ಯಾರಿಗೂ ಸಿಗ್ತೈತಿ, ಪೇಟೆಂಟ್ ಸಿಗೋದು ಪರೀಕ್ಷಕರು ನೋಡಿ ಒಪ್ಪಿದ ಮ್ಯಾಲೆ. ಕೆಲವೊಮ್ಮೆ ಅದು ಆಕಾರದ ಡಿಸೈನ್ ರಿಜಿಸ್ಟ್ರೇಶನ್ ಆಗಿರ್ತೈತಿ. ಪೇಟೆಂಟ್ ಆಫೀಸಿನ ವೆಬ್‌ಸೈಟಿನ್ಯಾಗ ಹುಡುಕಿದ್ರ ಯಾರಿಗೂ ಕಾಣ್ತೈತಿ. ರೊಕ್ಕ ತಗೊಂಡು ಸರ್ಟಿಫಿಕೇಟ್ ಕೊಡೋ ಖಾಸಗಿ ರೆಕಾರ್ಡ್ ಬುಕ್ಕುಗಳ ಬಗ್ಗೆ ಬರಿಯೋದ ಬ್ಯಾಡ, ವಿಜ್ಞಾನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಿಟ್ ತಂದು ಜೋಡಿಸೋ ಪ್ರಾಜೆಕ್ಟುಗಳ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕಣ್ಣು ಕಾಣದವ್ರಿಗೆ ಸ್ಮಾರ್ಟ್ ಕೋಲು, ಗ್ಯಾಸ್ ಲೀಕ್ ಆದ್ರ ಬಡಕೊಳ್ಳೋ ಅಲಾರಂ, ತಾನ ಬಾಯಿ ತಗಿಯೋ ಡಸ್ಟ್‌ಬಿನ್, ಪ್ರತಿ ವರ್ಷ ಪ್ರತಿ ಜಿಲ್ಲೆಯಾಗ ಬರ್ತಾವ, ಪ್ರತಿ ವರ್ಷ ಟಿವ್ಯಾಗ ಹೊಸ ಆವಿಷ್ಕಾರ ಅಂತಾನ ಬರ್ತಾವ. ಆರ್ಡುಯಿನೊ ಅನ್ನೋ ಒಂದು ಸಣ್ಣ ಕಂಪ್ಯೂಟರ್ ಬೋರ್ಡು, ಶಬ್ದ ಬಿಟ್ಟು ದೂರ ಅಳಿಯೋ ಒಂದು ಅಲ್ಟ್ರಾಸಾನಿಕ್ ಸೆನ್ಸರು, ಒಂದು ಬಜರು, ಕೋಡ್ ಅಂತೂ ನೆಟ್ಟಿನ್ಯಾಗ ಪುಕ್ಕಟೆ. ಇದನ್ನ ಜೋಡಿಸೋದು ತಪ್ಪಲ್ಲ, ಕಲಿಯೋರು ಹಿಂಗ ಕಲಿಯೋದು, ಹಳ್ಳಿ ಹುಡುಗ ಸೋಲ್ಡರಿಂಗ್ ಕಲಿತ ಅಂದ್ರ ನಾ ಚಪ್ಪಾಳಿ ಹೊಡಿಯಾಕ ತಯಾರ. ಆದ್ರ ಅದನ್ನ 'ವಿಶ್ವದಲ್ಲೇ ಮೊದಲು' ಅಂದಾಗ ಆ ಹುಡುಗನ ಒಳಗ ಏನಾಗ್ತೈತಿ ಅಂತ ಯೋಚನಿ ಮಾಡ್ರಿ. ಅವನಿಗೆ ಗೊತ್ತೈತಿ ಅದು ಮೊದಲಲ್ಲ ಅಂತ. ಈಗ ಊರಿಗೆಲ್ಲಾ ಮೊದಲು ಅಂತ ಆಗೇತಿ, ಬ್ಯಾನರ್ ಹಾಕ್ಯಾರ, ಎಂಎಲ್ಎ ಶಾಲು ಹೊದಿಸ್ಯಾರ, ಇನ್ನ ಅವ ಹೆಂಗ ಅಲ್ಲ ಅನ್ನಬೇಕು? ಅದ ಸೆನ್ಸರು ಎರಡು ಸೆಂಟಿಮೀಟರಿನಿಂದ ನಾಲ್ಕು ಮೀಟರ್ ತನಕ ಅಷ್ಟ ನೋಡ್ತೈತಿ, ತಗ್ಗು ಗುಂಡಿ ತಿಳಿಯಂಗಿಲ್ಲ, ಬಿಸಲಿಗೆ ಶಬ್ದದ ವೇಗ ಬದಲಾಗಿ ಲೆಕ್ಕ ಸ್ವಲ್ಪ ತಪ್ತೈತಿ. ನಮ್ ವಿಜಯಪುರದ ಏಪ್ರಿಲ್ ಬಿಸಲಿನ್ಯಾಗ ಕೋಲು ಎಷ್ಟು ತಪ್ಪು ತೋರಿಸ್ತೈತಿ ಅಂತ ಅಳದು ನೋಡಿದ ಹುಡುಗ ಇದ್ದಾನಂದ್ರ, ಕಣ್ಣು ಕಾಣದ ಒಬ್ಬ ಅಜ್ಜನ ಕೈಯಾಗ ಕೊಟ್ಟು ಅವ್ರು ಏನಂದ್ರು ಅಂತ ಬರ್ಕೊಂಡಾನಂದ್ರ, ಅವನ ಸುದ್ದಿ ಹತ್ತು ನಿಮಿಷ ಹಾಕ್ರಿ.

ಈಗ ತಗಡಿನ ಮನಿ ಮಾತು. ಬಡತನ ತೋರಿಸಬ್ಯಾಡ್ರಿ ಅಂತ ನಾ ಹೇಳಂಗಿಲ್ಲ, ಬಡತನ ಖರೇ ಐತಿ. ಆದ್ರ ಹುಡುಗನ ಬಡತನ ತೋರಿಸೋ ಕ್ಯಾಮರಾ ಸಾಲಿಯ ಬಡತನ ಯಾಕ ತೋರಿಸಂಗಿಲ್ಲ? ಲ್ಯಾಬಿನ ಬಾಗ್ಲಿಗೆ ಬೀಗ ಎಷ್ಟು ದಿವಸದಿಂದ ಐತಿ, ವಿಜ್ಞಾನದ ಮಾಸ್ತರ ಹುದ್ದೆ ಖಾಲಿ ಐತೋ ತುಂಬೈತೋ, ಒಂದು ಮೈಕ್ರೋಸ್ಕೋಪಿಗೆ ಎಷ್ಟು ಮಕ್ಕಳು? ಅಟಲ್ ಟಿಂಕರಿಂಗ್ ಲ್ಯಾಬ್ ಅಂತ ನೀತಿ ಆಯೋಗದ ಯೋಜನಾ ಐತಿ, ಒಂದೊಂದು ಸಾಲಿಗೆ 20 ಲಕ್ಷ ರೂಪಾಯಿ ತನಕ ಕೊಟ್ಟು ದೇಶದಾಗ 10,000 ಲ್ಯಾಬ್ ಮಾಡ್ಯಾರ, 2025ರ ಬಜೆಟ್ಟಿನ್ಯಾಗ ಇನ್ನ 50,000 ಸರ್ಕಾರಿ ಶಾಲೆಗಳಿಗೆ ಅಂತ ಹೇಳ್ಯಾರ. ಇನ್‌ಸ್ಪೈರ್-ಮಾನಕ್ ಅಂತ ಇನ್ನೊಂದು ಐತಿ, ಆಯ್ಕೆಯಾದ ಮಗುವಿಗೆ ಮಾಡೆಲ್ ಮಾಡಾಕ 10,000 ರೂಪಾಯಿ ಬರ್ತೈತಿ. ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೀತಾ ಬಂದೈತಿ, 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆ ತಗೊಂಡು ಲಾಗ್‌ಬುಕ್ ಬರೆದು ವರದಿ ಮಾಡೋದು, ನಮ್ ರಾಜ್ಯದಾಗ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನ ಹಳ್ಳಿಗೆ ಮುಟ್ಟಿಸಿದ್ದು. ಇಂಜಿನಿಯರಿಂಗ್ ಹುಡುಗ್ರಿಗೆ ಕೆಎಸ್‌ಸಿಎಸ್‌ಟಿ, ಅಂದ್ರ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪ್ರಾಜೆಕ್ಟ್ ಯೋಜನಾ 1977ರಿಂದ ಐತಿ. ಈ ರೊಕ್ಕ ನಮ್ ತಾಲೂಕಿಗೆ ಬಂತೋ ಇಲ್ಲೋ, ಲ್ಯಾಬಿನ ತ್ರೀಡಿ ಪ್ರಿಂಟರ್ ಪ್ಯಾಕಿಂಗಿನಿಂದ ಹೊರಗ ಬಂತೋ ಇಲ್ಲೋ ಅಂತ ಕೇಳೋದೂ ಮಕ್ಕಳ ವಿಜ್ಞಾನದ ಸುದ್ದೀನ. ಒಬ್ಬ ಹುಡುಗನ್ನ ಪವಾಡ ಅಂತ ತೋರಿಸಿದ್ರ ಈ ಪ್ರಶ್ನಿ ಯಾವುದೂ ಏಳಂಗಿಲ್ಲ, ಪ್ರತಿಭೆ ಇದ್ದವ ಎಲ್ಲಿದ್ರೂ ಅರಳ್ತಾನ ಅಂದುಬಿಟ್ರ ಲ್ಯಾಬ್ ಯಾಕ ಬೇಕು, ಮಾಸ್ತರ್ ಯಾಕ ಬೇಕು. ಅಧಿಕಾರದಾಗ ಇದ್ದವ್ರಿಗೆ ಇದರಷ್ಟು ಅನುಕೂಲದ ಸುದ್ದಿ ಇನ್ನೊಂದಿಲ್ಲ.

ರ್‍ಯಾಂಕಿನ ಸುದ್ದೀನೂ ಇದಕ್ಕ ಕೂಡಿಕೊಂಡೈತಿ, ನೀಟ್ ರಿಸಲ್ಟ್ ಬಂದ ದಿನ ಪೇಡೆ ತಿನಿಸೋದನ್ನ ವಿಜ್ಞಾನದ ಸಾಧನೆ ಅಂತಾರ. 2023ರಾಗ ಅಂತರರಾಷ್ಟ್ರೀಯ ಜೀವಶಾಸ್ತ್ರ ಒಲಿಂಪಿಯಾಡಿನ್ಯಾಗ ಭಾರತದ ನಾಲ್ಕೂ ಮಕ್ಕಳು ಬಂಗಾರದ ಪದಕ ತಂದ್ರು, 2025ರ ಆಗಸ್ಟ್‌ದಾಗ ಖಗೋಳ ಒಲಿಂಪಿಯಾಡ್ ನಮ್ ಮುಂಬಯಿಯಾಗ ನಡೀತು, ಬೆಳಗಾವಿಯಿಂದ ಒಂದು ರಾತ್ರಿ ರೈಲಿನ ದಾರಿ. ನಮ್ ಹೈಸ್ಕೂಲ್ ಮಕ್ಕಳಿಗೆ ಈ ಒಲಿಂಪಿಯಾಡಿಗೆ ಹೋಗೋ ಮೊದಲ ಪರೀಕ್ಷೆ ಯಾವಾಗ, ಅರ್ಜಿ ಎಲ್ಲಿ ಅಂತ ಒಂದು ಚಾನೆಲ್ ಹೇಳಿದ್ರೂ ಸಾಕಾಗಿತ್ತು.

ಏನ್ ಮಾಡಬೇಕು ಅಂತ ಕೇಳಿದ್ರ ನನ್ನ ಕಡೆ ದೊಡ್ಡ ಯೋಜನಾ ಇಲ್ಲ. ವರದಿಗಾರ್ರಿಗೆ ಹೆಚ್ಚು ಟೈಮ್ ಇಲ್ಲ, ಒಪ್ಪಿದೆ. ಆದ್ರ ತಮ್ಮಾ, ಇದು ಎಲ್ಲಿ ಕೆಲಸ ಮಾಡಂಗಿಲ್ಲ ಅಂತ ಕೇಳಾಕ ಅರ್ಧ ನಿಮಿಷ ಬೇಕು. ಹುಡುಗ್ರು ಇದಕ್ಕ ಉತ್ತರ ಭಾಳ ಪ್ರೀತಿಲೆ ಹೇಳ್ತಾರ, ಯಾಕಂದ್ರ ಅವ್ರು ಹೆಣಗಾಡಿದ್ದು ಅಲ್ಲೇ. ಒಂದು ಫೋನು ಮಾಡಾಕೂ ಬರ್ತೈತಿ, ಬಾಗಲಕೋಟೆಯಾಗ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜ್ ಐತಿ, ತೋಟಗಾರಿಕೆ ವಿಶ್ವವಿದ್ಯಾಲಯ ಐತಿ, ಬೆಳಗಾವಿಯಾಗ ವಿಟಿಯು ಐತಿ, ವಿಜಯಪುರದಾಗ ಹಳಕಟ್ಟಿಯವ್ರ ಹೆಸರಿನ ಕಾಲೇಜ್ ಐತಿ, ನೀರಿನಿಂದ ಬೈಕ್ ಓಡ್ತೈತಿ ಅಂತ ಯಾರರ ಅಂದ್ರ ಅಲ್ಲಿಯ ಲೆಕ್ಚರರ್ ಒಬ್ಬರು ಎರಡು ನಿಮಿಷದಾಗ ಹೇಳ್ತಾರ: ನೀರು ಅಂದ್ರ ಆಗಲೇ ಸುಟ್ಟು ಮುಗಿದ ಹೈಡ್ರೋಜನ್, ಅದನ್ನ ಒಡಿಯಾಕ ಹಾಕಿದಷ್ಟು ಶಕ್ತಿ ಮತ್ತ ಸುಟ್ಟಾಗ ವಾಪಸ್ ಬರಂಗಿಲ್ಲ, ಒಂದು ಕಿಲೋ ಹೈಡ್ರೋಜನ್ ತಗಿಯಾಕ ಸುಮಾರು 50 ಯೂನಿಟ್ ಕರೆಂಟ್ ಬೇಕು, ಅದರಿಂದ ಸಿಗೋದು 33ರ ಆಸುಪಾಸು. ಆಮ್ಯಾಲೆ ಆ ಸುದ್ದಿ ಹಾಕಬೇಕೋ ಬ್ಯಾಡೋ ಅಂತ ಡೆಸ್ಕಿನವ್ರು ನಿರ್ಧಾರ ಮಾಡಲಿ.

ಸಾಲಿಯವ್ರೂ ಒಂದು ಕೆಲಸ ಮಾಡಬಹುದು. ಪ್ರದರ್ಶನದ ದಿನ ಟಿವಿಯವ್ರ ಕೈಯಾಗ ಒಂದು ಹಾಳಿ ಕೊಡ್ರಿ, ಮಗು ಏನ್ ಮಾಡೈತಿ, ಏನ್ ಅಳದೈತಿ, ಎಷ್ಟು ಬಂತು, ಇದು ಹೊಸಾದೋ ಹಳೇದೋ, ಯಾರ ಸಹಾಯ ತಗೊಂಡೈತಿ ಅಂತ ಸ್ವಚ್ಛ ಕನ್ನಡದಾಗ ಬರೆದು. ಡೆಸ್ಕಿನವ್ರಿಗೆ ಹೋಗೋ ನಾಲ್ಕು ಸಾಲು ಆ ಹಾಳಿಯಿಂದ ಹೋದ್ರ ಅರ್ಧ ತಪ್ಪು ಅಲ್ಲೇ ನಿಲ್ತಾವ. ಹುಡುಗ ಮುಖ ನೋಡಿದಾಗ ಮಾಸ್ತರ್ರು ಹೂಂ ಅನ್ನೋದರ ಬದಲಿ, ಇಲ್ರಿ ಸರ್, ಅವ ಹೇಳಿದ್ದ ಖರೇ, ಅದನ್ನ ಹಾಕ್ರಿ ಅನ್ನಬೇಕು. ಮಗುವಿನ ಪರವಾಗಿ ಅಲ್ಲಿ ನಿಂತ ದೊಡ್ಡ ಮನಿಷಾ ಅವ್ರೊಬ್ಬರ.

ಕಡೀದು ಚಾನೆಲ್‌ನವ್ರಿಗೆ. ಹಿಂದ ಟಿವಿ ಸುದ್ದಿ ಬಂದು ಹೋಗ್ತಿತ್ತು, ಈಗ ಹಂಗಲ್ಲ, ಎಲ್ಲಾ ಯೂಟ್ಯೂಬಿನ್ಯಾಗ ಕುಂತಿರ್ತೈತಿ. ಇವತ್ತ ಹದಿನಾಲ್ಕು ವರ್ಷದ ಹುಡುಗ ಪುಕ್ಕಟೆ ನೀರು ಏರ್ತೈತಿ ಅಂತ ಹೇಳಿದ ವಿಡಿಯೋ, ಅವನಿಗೆ ಇಪ್ಪತ್ತೆರಡು ಆಗಿ ಬೆಂಗಳೂರಿಗೆ ಇಂಟರ್‌ವ್ಯೂಕ್ಕ ಹೋದಾಗ ಹೆಸರು ಹೊಡೆದ ಕೂಡ್ಲೆ ಬರ್ತೈತಿ. ತಪ್ಪು ಆಗಿದ್ರ ವಿಡಿಯೋದ ತಲಿಬರಹ ಬದಲಿಸಾಕ, ಕೆಳಗ ಎರಡು ಸಾಲು ತಿದ್ದುಪಡಿ ಹಾಕಾಕ ಐದು ನಿಮಿಷ ಸಾಕು. ಮಾಸ್ತರ್ರು ಫೋನ್ ಮಾಡಿ ಕೇಳಿದ್ರ ಅಷ್ಟರ ಮಾಡ್ರಿ, ಮತ್ತ ಮಗುವಿನ ಮನಿ ವಿಳಾಸ, ಅಪ್ಪನ ಫೋನ್ ನಂಬರ್ ಸ್ಕ್ರೀನಿನ ಮ್ಯಾಲೆ ಹಾಕಬ್ಯಾಡ್ರಿ.